ಖಾಲಿ ಬಿಟ್ಟ ಏಟು

ಅಮ್ಮಾ,

ನೀನು ಸತ್ತ ಮೇಲೂ ಫುಸಿ ಅತ್ತೆಯ ಮೇಲಿನ ನನ್ನ ಗುಮಾನಿ ಹೋಗಿಲ್ಲ. ಚರ್ಚಿನ ಕಾಣಿಕೆಯೆಂದು ನಿನ್ನಿಂದ ಬಿಟ್ಟಿಯಾಗಿ ಮರದ ತೊಗಟೆಯನ್ನು ಬಡಿದು ಹಿಗ್ಗಿಸಿ ಬಟ್ಟೆ ಮಾಡಿಸಿದವಳು ಅವಳೇ. ಅಪ್ಪನ ಅಕ್ಕ ಹೇಳಿದ ಮೇಲೆ ನಮ್ಮ ಟೋಂಗಾದಲ್ಲಿ ಎದುರಾಡುವವರು ಯಾರು? ಎದುರಾಡಲೆಂದೇ ಇವತ್ತು ಅವರು ಬಡಿಯುವಲ್ಲಿಗೆ ಹೋದೆ.

ಅತ್ತೆಯೂ ಪಕ್ಕದ ಮನೆಯ ಲೋಸೇಲಿಯೂ ಒಂದೇ ದಿಮ್ಮಿಯ ಮುಂದೆ ಕೂತು ಕೊಡತಿಯಿಂದ ಸರದಿಯಂತೆ ತೊಗಟೆ ಬಡಿಯುತ್ತಿದ್ದರು. ಎರಡು ಏಟು, ಆಮೇಲೆ ಒಂದು ಏಟಿನಷ್ಟು ಮೌನ.

"ಯಾಕತ್ತೆ, ಕೈ ಸೋತ್ಹೋಯ್ತಾ? ಪುಗಸಟ್ಟೆ ಆಳು ಸತ್ತಳಲ್ಲ," ಎಂದೆ.

"ಯೂನಿಯನ್ ಲೀಡರ್ ಬಂದ್ಲು, ಚಾಪೆ ಹಾಕ್ರೇ," ಎಂದು ಲೋಸೇಲಿ ನಕ್ಕಳು.

ಅತ್ತೆ ಕೊಡತಿ ನಿಲ್ಲಿಸಲಿಲ್ಲ. "ಆ ಏಟು ನಿಮ್ಮಮ್ಮಂದು ಕಣೇ. ಬೇರೆ ಯಾರೂ ಹೊಡಿಯಲ್ಲ. ನನ್ನ ಗಂಡನ್ನ ಹೂತಾಗ ನಂಗೆ ಕೈಯೇ ಏಳ್ತಿರ್ಲಿಲ್ಲ. ನನ್ನ ಏಟೂ ಅವಳೇ ಹೊಡೆದ್ಲು."

ಬಿಟ್ಟಿ ದುಡಿಮೆಗೆ ಇಂಥ ಬಣ್ಣ ಬಳಿಯುವುದನ್ನು ಬಹಳ ಕಂಡಿದ್ದೇನೆ. ಈಗಲೂ ಪೂರ್ತಿ ನಂಬಿಲ್ಲ. ಆದರೆ ನಿನ್ನ ಕೊಡತಿ ಅಲ್ಲೇ ಇತ್ತು. ಹಿಡಿಯಲ್ಲಿ ನಿನ್ನ ಹೆಬ್ಬೆರಳು ಸವೆಸಿದ ಗುಳಿಯಲ್ಲಿ ನನ್ನದೂ ಕೂತಿತು. ಆ ಮೌನ ಬಂದಾಗ ಹೊಡೆದೆ. ಅತ್ತೆ ತಲೆ ಎತ್ತಲಿಲ್ಲ, ಲೋಸೇಲಿ ನಗಲಿಲ್ಲ.

ದಿಮ್ಮಿಯ ಮುಂದೆ ಕೂತರೆ ದೇವರು ಕೇಳಿಸುತ್ತಾನೆ ಅನ್ನುತ್ತಿದ್ದೆ ನೀನು. ನನಗೆ ಕೇಳಿಸಿದ್ದು ಮೂರು ಏಟು ಮಾತ್ರ.

ನಾಳೆಯೂ ಹೋಗುತ್ತೇನೆ.