ಏಮೊಸ್ ಬಿಗಿದ ತಿರುಪುಗಳು

ಕೋಲ್ಬಿ ಹಾಲೋ, ವರ್ಮಾಂಟ್
ಮಾರ್ಚ್ ೧೧, ಸೋಮವಾರ

ಪ್ರೀತಿಯ ಮಗಳು ಥಿಯಾಳಿಗೆ,

ನಿನ್ನ ಕೆಮ್ಮು ಹೇಗಿದೆ ಎಂಬುದನ್ನು ಮೊದಲು ತಿಳಿಸು. ಕಳೆದ ಸಲ ಫೋನಿನಲ್ಲಿ ನೀನು "ಏನೂ ಇಲ್ಲಪ್ಪ, ದೋಣಿಗೆ ಬಣ್ಣ ಹೊಡೀತಿದ್ದೆ, ಅದರ ವಾಸನೆ ಅಷ್ಟೆ" ಎಂದೆ. ಬಣ್ಣದ ವಾಸನೆಗೆ ಬರುವ ಕೆಮ್ಮಿಗೂ ಕಡಲಿನ ತೇವದ ಗಾಳಿಗೆ ಎದೆ ಕಟ್ಟಿ ಬರುವ ಕೆಮ್ಮಿಗೂ ಇರುವ ವ್ಯತ್ಯಾಸ ಅಷ್ಟು ದೂರದಿಂದಲೂ ನನಗೆ ಕೇಳಿಸುತ್ತದೆ. ದೋಣಿಗಳನ್ನು ದುರಸ್ತಿ ಮಾಡುವ ನಿನ್ನ ಆ ಕೊಟ್ಟಿಗೆಯಲ್ಲಿ ಒಲೆ ಇದೆಯೇ? ಇದ್ದರೆ ಅದನ್ನು ಹೊತ್ತಿಸುವ ಪುಣ್ಯಾತ್ಮರು ಯಾರಾದರೂ ಇದ್ದಾರೆಯೇ? ನನ್ನ ಮಟ್ಟಿಗೆ ಹೇಳುವುದಾದರೆ, ಎಡ ಮಣಿಕಟ್ಟು, ಬಲ ಪಕ್ಕೆ ಮತ್ತು ಸಭ್ಯರು ಪತ್ರದಲ್ಲಿ ಹೆಸರಿಸದ ಇನ್ನೊಂದು ಭಾಗ, ಇವಿಷ್ಟನ್ನು ಹೊರತುಪಡಿಸಿ ಕ್ಷೇಮವಾಗಿದ್ದೇನೆ.

ಕಾರಣ ಇಷ್ಟು. ಈ ಚಳಿಗಾಲವಿಡೀ ನಾನು ಏಮೊಸ್‌ನ ಹೊಸ ಸ್ನೋಬೋರ್ಡಿನ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದೇನೆ. ನಿನ್ನ ತಮ್ಮನನ್ನು ಮಣ್ಣಿಗೆ ಒಪ್ಪಿಸಿದ ಮರುದಿನ ಬಸ್ಸು ಹತ್ತುವಾಗ ನೀನು ಹೇಳಿದ್ದು ಅಕ್ಷರಶಃ ನೆನಪಿದೆ: "ಅಪ್ಪಾ, ಆ ಗುಡ್ಡಕ್ಕೆ ಬಾ ಅಂತ ಮಾತ್ರ ನನ್ನ ಕರೀಬೇಡಿ." ನಾನು ಕರೆದಿಲ್ಲ. ಈ ಪತ್ರದಲ್ಲಿಯೂ ಕರೆಯುವುದಿಲ್ಲ. ಸುದ್ದಿಯನ್ನಷ್ಟೇ ಬರೆಯುತ್ತೇನೆ, ಸುದ್ದಿ ಓದುವುದಕ್ಕೆ ನಿನ್ನ ಆಕ್ಷೇಪ ಇರಲಾರದು.

ನಮ್ಮ ಗುಡ್ಡದ ಪದ್ಧತಿ ನಿನಗೆ ಗೊತ್ತಿರುವುದೇ. ಊರವರಲ್ಲಿ ಯಾರಾದರೂ ಆ ವರ್ಷ ತೀರಿಕೊಂಡಿದ್ದರೆ, ಋತುವಿನ ಕೊನೆಯ ದಿನ ಜನರನ್ನು ಗುಡ್ಡದ ಮೇಲಕ್ಕೆ ಎಳೆದೊಯ್ಯುವ ಹಗ್ಗ ನಿಲ್ಲುವ ಮುನ್ನ, ಅವರ ಹಲಗೆ ಮನೆಯವರ ಕಾಲಡಿಯಲ್ಲಿ ಒಮ್ಮೆ ತುದಿಯಿಂದ ಬುಡದವರೆಗೆ ಇಳಿಯಬೇಕು. ಆಮೇಲೆ ಅದಕ್ಕೆ ಗುಡ್ಡದ ಬುಡದಲ್ಲಿ ನಾವೆಲ್ಲ ಚಳಿ ಕಾಯಿಸಿಕೊಳ್ಳುವ ಒಲೆಮನೆಯ ಗೋಡೆಯಲ್ಲಿ ಜಾಗ. ಹೆಗಲ ಮೇಲೆ ಹೊತ್ತು ಇಳಿಸಿದ ಹಲಗೆಗೆ ಜಾಗವಿಲ್ಲ. ಏಮೊಸ್ ಈ ಹಲಗೆಯನ್ನು ಒಮ್ಮೆಯೂ ಹಿಮಕ್ಕೆ ತಾಗಿಸಿರಲಿಲ್ಲ ಎಂಬುದು ನನ್ನನ್ನು ಮತ್ತಷ್ಟು ಕಾಡುತ್ತದೆ. ನವೆಂಬರಿನಲ್ಲಿ ಆ ಸೇತುವೆಯ ಮೇಲೆ ಅವನ ಕಾರು ಜಾರುವುದಕ್ಕೆ ಹಿಂದಿನ ದಿನ, ಅಡುಗೆಮನೆಯ ಮೇಜಿನ ಮೇಲೆ ಹಲಗೆಯನ್ನು ಮಲಗಿಸಿ, ಬೂಟುಗಳನ್ನು ಹಿಡಿದಿಡುವ ಎರಡೂ ಪಾದಪಟ್ಟಿಗಳನ್ನು ತನ್ನ ಕೈಯಾರೆ ತಿರುಪು ಹಾಕಿ ಕೂರಿಸಿದ್ದ. ನಾನು ಉಪ್ಪಿನ ಕುಡಿಕೆಗೆ ಕೈ ಚಾಚಿದಾಗ, "ಅಪ್ಪಾ, ಮುಟ್ಟಬೇಡಿ! ಅಳತೆ ಸರಿಯಾಗಿ ಕೂತಿದೆ, ಒಂಚೂರು ಅಲ್ಲಾಡಿದ್ರೂ ಮತ್ತೆ ಮೊದಲಿಂದ" ಎಂದು ರೇಗಿದ. ನಿನ್ನ ತಾಯಿ ತೀರಿಹೋದಂದಿನಿಂದ ಆ ಮೇಜಿನ ಮೇಲೆ ನನಗೆ ಆಜ್ಞೆ ಮಾಡಿದವನು ಅವನೊಬ್ಬನೇ.

ಈಗ ತೊಡಕನ್ನು ಹೇಳುತ್ತೇನೆ. ಏಮೊಸ್ ಬಲಗಾಲು ಮುಂದಿಟ್ಟು ಸವಾರಿ ಮಾಡುವವನು. ಪಟ್ಟಿಗಳು ಆ ಲೆಕ್ಕಕ್ಕೆ ಕೂತಿವೆ. ನಾನು ಎಡಗಾಲಿನವನು. ಇದನ್ನು ನಾನಾಗಿ ಒಪ್ಪಿದ್ದಲ್ಲ. ಹಗ್ಗದ ಯಂತ್ರ ನೋಡಿಕೊಳ್ಳುವ ನಮ್ಮ ನೆರೆಮನೆಯ ಬರ್ನೀಸ್, ನಾನು ಮೊದಲ ದಿನವೇ ಮಕ್ಕಳ ಇಳಿಜಾರಿನಲ್ಲಿ ಮಗುಚಿದ ಆಮೆಯಂತೆ ಬಿದ್ದಿದ್ದನ್ನು ನೋಡಿ, ಒಲೆಮನೆಯಲ್ಲಿ ಹಿಂದಿನಿಂದ ಬಂದು ಹೇಳದೆ ಕೇಳದೆ ನನ್ನನ್ನು ತಳ್ಳಿದಳು. ಮುಗ್ಗರಿಸಿದಾಗ ಎಡಗಾಲು ಮುಂದೆ ಬಂತು; ಹಾಗೆ ತಾನಾಗಿ ಬರುವ ಕಾಲೇ ಹಲಗೆಯ ಮೇಲೂ ಮುಂದಿರಬೇಕಂತೆ. "ನೋಡಿದ್ರಾ? ಹಲಗೆ ಸರಿಯಾಗೇ ಇದೆ, ಕಾಲು ಉಲ್ಟಾ" ಎಂದಳು. ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರುವುದು ತರ್ಕಕ್ಕೆ ಒಗ್ಗುವುದಿಲ್ಲವೆಂದು ನಾನು ಪ್ರತಿವಾದಿಸಿದೆ. ಅದು ದೊಡ್ಡ ಪ್ರಮಾದವಾಯಿತು. ಅಂದಿನಿಂದ ಈ ಊರು ಪ್ರಯೋಗವನ್ನು ಮುಂದುವರಿಸಿದೆ. ಅಂಚೆ ಕಚೇರಿಯಲ್ಲಿ ತಳ್ಳಿದರು. ಚರ್ಚಿನ ಮೆಟ್ಟಿಲಿನಲ್ಲಿ ತಳ್ಳಿದರು. ಕಳೆದ ಮಂಗಳವಾರ ಊರ ಮಹಾಸಭೆಯಲ್ಲಿ, ಎಂದಿನಂತೆ ಅಧ್ಯಕ್ಷತೆ ವಹಿಸಿದ್ದ ನಾನು, ರಸ್ತೆಯ ಹಿಮ ಬಳಿದು ತೆಗೆಯುವ ಹೊಸ ಲಾರಿಯ ಚರ್ಚೆಗೆ ವಿರಾಮ ಕೊಟ್ಟು ವೇದಿಕೆಯಿಂದ ಇಳಿಯುವಾಗ ಯಾರೋ ಬೆನ್ನಿಗೆ ಕೈ ಹಾಕಿಯೇಬಿಟ್ಟರು. ಇಡೀ ಸಭಾಂಗಣ ಒಕ್ಕೊರಲಿನಿಂದ "ಎಡಗಾಲೂ!" ಎಂದು ಕೂಗಿತು. ಇದು ಕಾರ್ಯಸೂಚಿಯಲ್ಲಿಲ್ಲ ಎಂದು ನಾನು ಗದರಿದರೆ, ಬರ್ನೀಸ್ ಕೈ ಎತ್ತಿ, "ಹಂಗಾದ್ರೆ ‘ಇತರ ವಿಷಯಗಳು’ ಅಂತ ಬರ್ಕೊಳ್ಳಿ ಅಧ್ಯಕ್ಷರೇ" ಎಂದಳು. ಲಾರಿಯ ಬಗ್ಗೆ ಜಗಳವಾಡುತ್ತಿದ್ದ ಎರಡೂ ಕಡೆಯವರು ಒಟ್ಟಿಗೆ ನಕ್ಕರು. ಆ ಸಭೆಯಲ್ಲಿ ಸರ್ವಾನುಮತ ಕಂಡದ್ದು ಅದೊಂದೇ ವಿಷಯದಲ್ಲಿ.

ಕಾಲೇಜಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ಸಮರ್ಥಿಸಿಕೊಳ್ಳುತ್ತಿದ್ದೆ. ಹೀಗಿರುವಾಗ, ನನ್ನ ಎರಡು ಕಾಲುಗಳ ಪೈಕಿ ಒಂದನ್ನು ಮುಂದೆ ನಿಲ್ಲುವಂತೆ ಮನವೊಲಿಸಲು ನನಗೆ ಸಾಧ್ಯವಾಗುತ್ತಿಲ್ಲ ಎಂಬುದು ಅಸಹನೀಯ. ಬೆಳಗಿನ ಹೊತ್ತು ಗುಡ್ಡವೆಲ್ಲ ಗಾಜಿನಂತೆ ಗಟ್ಟಿ. ಮಧ್ಯಾಹ್ನ ಬಿಸಿಲೇರಿದರೆ ನೆನೆಸಿದ ಸಕ್ಕರೆಯಂತೆ ಮೆತ್ತಗೆ, ಹಲಗೆಯನ್ನು ಹಿಡಿದು ಎಳೆಯುತ್ತದೆ. ಹಲಗೆಯ ಹಿಮ್ಮಡಿ ಕಡೆಯ ಅಂಚಿನ ಮೇಲೆ ಅಡ್ಡಡ್ಡ ಜಾರಿ ಇಳಿಯುವುದು ಒಂದು ಮಟ್ಟಕ್ಕೆ ಬಂದಿದೆ. ಆದರೆ ಹಲಗೆಯ ಮೂತಿಯನ್ನು ಕೆಳಮುಖ ಮಾಡಿ ಕಾಲ್ಬೆರಳುಗಳ ಕಡೆಯ ಅಂಚಿಗೆ ತಿರುಗಬೇಕೆನ್ನುವಾಗ, ಇಡೀ ಮೈ ಎಡಗಾಲಿನ ಕಡೆಗೆ ಓಡಿಹೋಗುತ್ತದೆ, ಹಲಗೆ ನಿಂತುಬಿಡುತ್ತದೆ, ನಾನು ನಿಲ್ಲುವುದಿಲ್ಲ. ಹೊಸ ಹಲಗೆಯಾದ್ದರಿಂದ ಅಂಚು ಎಲ್ಲಿಯೂ ಸವೆದಿಲ್ಲ, ಸಣ್ಣ ತಪ್ಪನ್ನೂ ಬಿಟ್ಟುಕೊಡುವುದಿಲ್ಲ. ಹಗ್ಗ ನನ್ನ ಕೈಗವಸುಗಳನ್ನು ತಿಂದುಹಾಕಿದೆ. ಏಮೊಸ್‌ನ ಬೂಟುಗಳಲ್ಲಿ ನನ್ನ ಹೆಬ್ಬೆರಳುಗಳು ಮಡಚಿಕೊಂಡೇ ಇರುತ್ತವೆ. ಹಿಂದುಮುಂದಾಗಿ, ಬಾಲವನ್ನು ಮುಂದೆ ಮಾಡಿ ಇಳಿಯಿರಿ ಎಂದು ಯಾರೋ ಉಪಾಯ ಹೇಳಿದರು. ಈ ಹಲಗೆಗೆ ಮೂತಿ ಉದ್ದ, ಬಾಲ ಗಿಡ್ಡ. ಬಾಲ ಹಿಮಕ್ಕೆ ಹೂತುಕೊಂಡು ನನ್ನನ್ನು ಬೇಲಿಯ ಮೇಲಕ್ಕೆ ಎಸೆಯಿತು. ಪಕ್ಕೆಯ ಕಥೆ ಅದು. ಕೂತು ಜಾರಿ ಇಳಿದರೂ ಮನೆಯವರ ಅಡಿಯಲ್ಲೇ ಇಳಿದಂತಾಗುವುದಿಲ್ಲವೇ, ‘ನಿಂತು’ ಎಂಬ ಷರತ್ತು ಪದ್ಧತಿಯಲ್ಲಿ ಎಲ್ಲಿದೆ ಎಂದು ನಾನು ಬರ್ನೀಸಳನ್ನು ಕೇಳಿದೆ. "ಕೂತ್ಕೊಂಡು ಇಳಿದ್ರೆ ಅದು ಹಲಗೆಯಲ್ಲ ಲೈಮನ್, ಊಟದ ತಟ್ಟೆ" ಎಂದಳು.

ನೀನು ಈಗಾಗಲೇ ತಾಳ್ಮೆಗೆಟ್ಟು ಹೇಳುತ್ತಿರಬಹುದು: ತಿರುಪು ಬಿಚ್ಚಿ ಪಟ್ಟಿ ತಿರುಗಿಸಿದರೆ ಮುಗಿಯಿತಲ್ಲ! ಊರೆಲ್ಲ ಅದನ್ನೇ ಹೇಳುತ್ತದೆ. ಕಾಫಿ ಕುದಿಯುವಷ್ಟರಲ್ಲಿ ಮುಗಿಯುವ ಕೆಲಸ. ನಿನ್ನೆ ಮಧ್ಯಾಹ್ನ ಹಲಗೆಯನ್ನು ಅದೇ ಮೇಜಿನ ಮೇಲೆ ಮಲಗಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಕೂತೆ. ಮೊದಲ ತಿರುಪಿನ ತಲೆಗೆ ಅದನ್ನು ಒತ್ತಿ ಹಿಡಿದೆ. ತಿರುಪು ಎಷ್ಟು ಬಿಗಿಯಾಗಿ ಕೂತಿತ್ತೆಂದರೆ, ಅವನು ಕೊನೆಯ ಸುತ್ತಿಗೆ ಹಲ್ಲು ಕಚ್ಚಿ, ಮೊಣಕೈ ಎತ್ತಿ ತಿರುಗಿಸಿದ್ದು ಅದರಲ್ಲಿ ಇನ್ನೂ ಉಳಿದಿರುವಂತೆ ಕೈಗೆ ತಿಳಿಯಿತು. ಅವನ ಬಟ್ಟೆಗಳನ್ನು ಕೊಟ್ಟಾಗಿದೆ, ಕೋಣೆಯನ್ನು ಗುಡಿಸಿಯಾಗಿದೆ. ಜಗತ್ತಿನಲ್ಲಿ ಅವನ ಕೈಯ ಬಲ ಇನ್ನೂ ಕರಗದೆ ನಿಂತಿರುವ ಸ್ಥಳ ಅದೊಂದೇ. ಬಿಚ್ಚಿದರೆ ಹಲಗೆ ಇಳಿಯುತ್ತದೆ; ಆದರೆ ಇಳಿಯುವುದು ನನ್ನ ಹಲಗೆ. ಬಿಚ್ಚದಿದ್ದರೆ ಅದು ಅವನದಾಗಿಯೇ ಉಳಿಯುತ್ತದೆ, ಗೋಡೆಯಲ್ಲಿ ಜಾಗವಿಲ್ಲದೆ. ಎರಡೂ ಪಕ್ಷಗಳನ್ನು ಸಮನಾಗಿ ಸಮರ್ಥಿಸಬಲ್ಲೆ. ಅದರಿಂದ ನಯಾಪೈಸೆಯ ಉಪಯೋಗವಿಲ್ಲ. ಸ್ಕ್ರೂಡ್ರೈವರನ್ನು ಖಾನೆಗೆ ಹಾಕಿ, ರಾತ್ರಿಗೆ ಬೀನ್ಸ್ ಬೇಯಲು ಇಟ್ಟೆ.

ಉಳಿದಂತೆ, ಮೇಪಲ್ ಮರಗಳಿಗೆ ಬಕೆಟ್ ಕಟ್ಟಿಯಾಗಿದೆ, ರಸ ಚೆನ್ನಾಗಿ ಇಳಿಯುತ್ತಿದೆ. ಬರ್ನೀಸ್ ನಿನಗೆಂದು ಆ ರಸ ಕಾಯಿಸಿದ ಮೊದಲ ಪಾಕದ ಡಬ್ಬಿಯೊಂದನ್ನು ತೆಗೆದಿಟ್ಟಿದ್ದಾಳೆ. ಅಂಚೆಯಲ್ಲಿ ಕಳಿಸುತ್ತೇನೆಂದರೆ "ಬಂದು ತಗೊಂಡು ಹೋಗಲಿ, ಅವಳಿಗೇನು ಕಾಲಿಲ್ವಾ" ಎನ್ನುತ್ತಾಳೆ. ಅದು ಅವಳ ಮಾತು, ನನ್ನದಲ್ಲ. ಎದೆಗೆ ಉಣ್ಣೆಯ ಬಟ್ಟೆ ಕಟ್ಟಿಕೋ. ಕೆಮ್ಮು ವಾರದೊಳಗೆ ಇಳಿಯದಿದ್ದರೆ ವೈದ್ಯರ ಬಳಿ ಹೋಗು; ಈ ವಿಷಯದಲ್ಲಿ ಚರ್ಚೆಗೆ ಅವಕಾಶವಿಲ್ಲ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ತಂದೆ,
ಲೈಮನ್ ಡಟನ್

ತಾ.ಕ.: ಅಂಚೆಯವನು ಗೇಟಿನ ಹತ್ತಿರ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀವಿಬ್ಬರೂ ಚಿಕ್ಕವರಿದ್ದಾಗ ಬರ್ನೀಸ್ ಇದೇ ಒಲೆಮನೆಯಲ್ಲಿ ನಿಮ್ಮನ್ನೂ ಹಿಂದಿನಿಂದ ತಳ್ಳಿ ನೋಡಿದ್ದಳು. ಏಮೊಸ್‌ನ ಬಲಗಾಲು ಮುಂದೆ ಬಂತು. ನಿನ್ನದೂ ಬಲಗಾಲೇ. ಅಟ್ಟದಿಂದ ನಿನ್ನ ಹಳೆಯ ಬೂಟುಗಳನ್ನು ಇಳಿಸಿ ಪಟ್ಟಿಗೆ ಇಟ್ಟು ನೋಡಿದೆ; ಎಳೆದು ಬಿಗಿದರೆ ಸರಿಯಾಗಿ ಕೂರುತ್ತವೆ, ತಿರುಪು ಮುಟ್ಟಬೇಕಾಗಿಲ್ಲ. ಈಗ ಒಲೆಯ ಪಕ್ಕ ಒಣಗುತ್ತಿವೆ. ಇಪ್ಪತ್ತನಾಲ್ಕನೆಯ ತಾರೀಕು ಭಾನುವಾರ ನಾಲ್ಕು ಗಂಟೆಗೆ ಹಗ್ಗ ನಿಲ್ಲುತ್ತದೆ. ಕರೆಯುವುದಿಲ್ಲವೆಂದು ಮೇಲೆ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಬಾ ಮಗಳೇ.