ತಿದ್ದಿ ಕಳಿಸಿದ್ದೇನೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ನಿನಗೆ, ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅದೂ ಇಂಗ್ಲಿಷಿನಲ್ಲಿ! ಲಕೋಟೆ ಒಡೆದು ಮೊದಲ ಸಾಲು ನೋಡಿದವನು, ಯಾರೋ ಶಿಷ್ಯನ ಅರ್ಜಿ ಇರಬೇಕೆಂದು ಪಕ್ಕಕ್ಕೆ ಇಟ್ಟುಬಿಟ್ಟಿದ್ದೆ. ಗಂಡನಿಗೆ ‘ರೆಸ್ಪೆಕ್ಟೆಡ್ ಸರ್’ ಎಂದು ಯಾರೂ ಬರೆಯುವುದಿಲ್ಲ ಕಣೇ. ಅದು ನಾನು ಬರೆದ ಇಂಗ್ಲಿಷ್ ಶೈಲಿಯ ಪುಸ್ತಕದ ಕೊನೆಯಲ್ಲಿರುವ ಮಾದರಿ ಪತ್ರದ ಒಕ್ಕಣೆ. ಹೊಟ್ಟೆನೋವೆಂದು ರಜೆ ಕೇಳುವ ಗುಮಾಸ್ತನದು. ಆಮೇಲೆ ಪೂರ್ತಿ ಓದಿದಾಗ ತಿಳಿಯಿತು, ನೀನೂ ಕೇಳುತ್ತಿರುವುದು ರಜೆಯನ್ನೇ. ಹಾಗಾಗಿ ಆ ತಪ್ಪನ್ನು ಮನ್ನಿಸಿದ್ದೇನೆ.

ಕೊನೆಯಲ್ಲಿ ಹಾಕಿರುವ ‘ಯುವರ್ಸ್ ಒಬೀಡಿಯಂಟ್ಲಿ’ ಮಾತ್ರ ನಡೆಯುವುದಿಲ್ಲ. ಒಬೀಡಿಯಂಟ್ ಎಂದರೆ ವಿಧೇಯ. ನೀನು ವಿಧೇಯಳಾಗಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ. ಅದನ್ನು ಹೊಡೆದುಹಾಕಿದ್ದೇನೆ.

ಟೈಲರ್ ಅಂಗಡಿಯಲ್ಲಿ ಕಾಜ ಹೊಲಿಯುವ ಕೆಲಸಕ್ಕೆ ಸೇರಿದ್ದೀಯಂತೆ. ಊಟದ ಬಿಡುವಿನಲ್ಲಿ ನನ್ನ ಪುಸ್ತಕಗಳನ್ನೇ ಓದಿ ಇಷ್ಟು ಕಲಿತೆ ಎಂದು ಬರೆದಿದ್ದೀಯ. ಪದಗಳದ್ದು, ಬಳಕೆಯದ್ದು, ಶೈಲಿಯದ್ದು, ಮೂರನ್ನೂ ಓದಿದೆಯಂತೆ. ನನ್ನ ಹೊಟ್ಟೆ ತಣ್ಣಗಾಯಿತು. ಈ ಮನೆಯಲ್ಲಿದ್ದಷ್ಟು ಕಾಲ ಅವುಗಳ ಧೂಳು ಒರೆಸಿದೆಯೇ ಹೊರತು ಒಂದು ಪುಟ ತೆರೆದವಳಲ್ಲ ನೀನು. ಆದರೆ ಫುಟ್‌ಪಾತಿನಲ್ಲಿ ಹಳೆಯ ಪ್ರತಿಗಳನ್ನು ಕೊಂಡೆ ಎಂಬುದನ್ನು ಓದಿ ಬೇಜಾರಾಯಿತು. ಯಾರೋ ಓದಿ ಬಿಸಾಕಿದ್ದನ್ನು ಕೊಂಡರೆ ಬರೆದವನಿಗೆ ಬಿಡಿಗಾಸೂ ಬರುವುದಿಲ್ಲ. ಗಂಡನ ಪುಸ್ತಕವನ್ನಾದರೂ ಹೊಸದು ಕೊಳ್ಳಬಾರದಿತ್ತೇ?

ಇರಲಿ, ತಪ್ಪುಗಳಿಗೆ ಬರುತ್ತೇನೆ.

‘ಐ ಆಮ್ ಸಫರಿಂಗ್ ಸಿನ್ಸ್ ಟ್ವೆಲ್ವ್ ಇಯರ್ಸ್’ ಎಂದಿದ್ದೀಯ. ಅವಧಿಯನ್ನು ಹೇಳುವಾಗ ‘ಫಾರ್’, ಶುರುವಾದ ದಿನವನ್ನು ಹೇಳುವಾಗ ‘ಸಿನ್ಸ್’. ‘ಸಿನ್ಸ್’ ಬೇಕೇ ಬೇಕು ಎಂದಿದ್ದರೆ ಮದುವೆಯಾದ ದಿನದಿಂದ ಎಂದು ಬರೆಯಬೇಕಾಗಿತ್ತು. ಇನ್ನು ‘ಸಫರಿಂಗ್’ ಎಂಬುದು ಬಹಳ ತೂಕದ ಪದ. ಯುದ್ಧ, ಕಾಯಿಲೆ, ಹಸಿವು ಇಂಥವಕ್ಕೆ ಬಳಸುವಂಥದ್ದು. ಹೊತ್ತುಹೊತ್ತಿಗೆ ಊಟ, ಮೈತುಂಬ ಬಟ್ಟೆ, ಗಾಳಿ ಬೆಳಕಿನ ಮನೆ ಇದ್ದವಳಿಗೆ ಅದು ಒಪ್ಪುವುದಿಲ್ಲ. ‘ಇನ್‌ಕನ್ವೀನಿಯನ್ಸ್ಡ್’ ಎಂದು ತಿದ್ದಿದ್ದೇನೆ. ಅನಾನುಕೂಲವಾಗಿದೆ ಎಂದರ್ಥ.

‘ಯು ನೆವರ್ ಬೀಟೆಡ್ ಮಿ’ ಎಂಬುದೂ ತಪ್ಪು. ಭೂತಕಾಲದಲ್ಲೂ ಅದು ‘ಬೀಟ್’ ಎಂದೇ ಇರುತ್ತದೆ. ವ್ಯಾಕರಣ ಕೆಟ್ಟರೂ ಸಂಗತಿ ಸರಿಯಾಗಿದೆ. ನಾನು ಎಂದೂ ನಿನ್ನ ಮೇಲೆ ಕೈ ಎತ್ತಿದವನಲ್ಲ. ಅದನ್ನು ನೀನೇ ಬರಹದಲ್ಲಿ ಒಪ್ಪಿಕೊಂಡದ್ದು ಒಳ್ಳೆಯದಾಯಿತು, ಆ ಸಾಲಿನ ನಕಲನ್ನು ವಕೀಲರಿಗೆ ಕೊಟ್ಟಿದ್ದೇನೆ. ಹೊಡೆದಿದ್ದರೇ ಚೆನ್ನಾಗಿತ್ತು, ಗಾಯವಾದರೂ ನಾಲ್ಕು ಜನಕ್ಕೆ ಕಾಣುತ್ತಿತ್ತು ಎಂಬ ಉಳಿದರ್ಧ ಬರೀ ಅತಿಶಯೋಕ್ತಿ. ನಕಲಿನಲ್ಲಿ ಅದನ್ನು ಸೇರಿಸಿಲ್ಲ.

‘ಐ ವಾಂಟ್ ಡಿವೋರ್ಸ್.’ ಇಲ್ಲಿ ‘ಎ’ ಬಿಟ್ಟುಹೋಗಿದೆ. ನನ್ನ ಬಳಕೆಯ ಪುಸ್ತಕದ ಎರಡನೆಯ ಪಾಠವೇ ಅದು, ಮತ್ತೊಮ್ಮೆ ಓದು. ‘ಐ ವಾಸ್ ಯುವರ್ ವೈಫ್’ ಎಂಬಲ್ಲಿ ‘ವಾಸ್’ ಹೊಡೆದು ‘ಆಮ್’ ಮಾಡಿದ್ದೇನೆ. ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ, ಹಾಕುವ ಇರಾದೆಯೂ ಇಲ್ಲ. ಅಲ್ಲಿಯವರೆಗೆ ನೀನು ವರ್ತಮಾನಕಾಲದಲ್ಲಿಯೇ ಇರಬೇಕಾಗುತ್ತದೆ.

ಮುಂದಿನದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮಗಳ ‘ಕಸ್ಟಡಿ’ ಬೇಕೆಂದು ಕೇಳಲು ಹೋಗಿ ‘ಕಸ್ಟರ್ಡ್’ ಬೇಕೆಂದು ಕೇಳಿದ್ದೀಯಲ್ಲೇ! ಒಂದು ಕಡೆಯಲ್ಲ, ಬರೆದಲ್ಲೆಲ್ಲ ಹಾಗೆಯೇ. ಹತ್ತು ವರ್ಷದ ಮಗಳನ್ನು ಬಟ್ಟಲಲ್ಲಿ ಹಾಕಿ ಚಮಚ ಕೊಟ್ಟು ಕಳಿಸಲೇ? ತರಗತಿಯಲ್ಲಿ ಆ ಸಾಲನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತರಗತಿಯಲ್ಲಿ ಈಗ ಮೊದಲಿನಷ್ಟು ಜನ ಇಲ್ಲ, ಎಲ್ಲರೂ ಫೋನಿನಲ್ಲೇ ಕಲಿಯುತ್ತಾರಂತೆ. ಇರುವವರು ಆಸಕ್ತಿಯವರು ಎಂಬುದೇ ಸಮಾಧಾನ.

ಪುಸ್ತಕಗಳ ಬಗ್ಗೆ ಒಂದು ದೂರನ್ನೂ ಬರೆದಿದ್ದೀಯ. ಉದಾಹರಣೆಯ ವಾಕ್ಯಗಳಲ್ಲಿ ಬರುವ ಹೆಂಗಸು ನೀನೇ ಎಂದು ಗುರುತು ಹಿಡಿದೆಯಂತೆ. ‘ಇಗ್ನರೆಂಟ್’ ಪದದ ಕೆಳಗೆ ಬ್ಯಾಂಕಿನ ಚೀಟಿಯನ್ನು ತಲೆಕೆಳಗಾಗಿ ಹಿಡಿದವಳು, ‘ಕ್ಲಮ್ಸಿ’ ಪದದ ಕೆಳಗೆ ಅತಿಥಿಗಳ ಮುಂದೆ ಲೋಟ ಬೀಳಿಸಿದವಳು, ‘ಟಿಯರ್‌ಫುಲ್’ ಪದದ ಕೆಳಗೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಅಳುವವಳು. ನೀನೇ ಹೌದು. ಅದರಲ್ಲಿ ಮುಚ್ಚುಮರೆ ಏನಿದೆ? ಉದಾಹರಣೆ ಬದುಕಿನಿಂದ ಬರಬೇಕು, ಆಗಲೇ ಪದ ಮನಸ್ಸಿನಲ್ಲಿ ಕೂರುವುದು. ನಿನ್ನಿಂದ ಎಷ್ಟು ಊರುಗಳ ಮಕ್ಕಳು ಪದ ಕಲಿತಿದ್ದಾರೆ ಗೊತ್ತೇ? ಬೇರೆ ಹೆಂಗಸಾದರೆ ಹೆಮ್ಮೆ ಪಡುತ್ತಿದ್ದಳು. ನೀನು ಹೋದ ಮೇಲೆ ಹೊಸ ಉದಾಹರಣೆಗಳು ಹೊಳೆಯುತ್ತಿಲ್ಲ ಎಂಬುದನ್ನು ನಾನೂ ಮುಚ್ಚಿಡುವುದಿಲ್ಲ.

ಜ್ವರದ ದಿನವನ್ನು ಮತ್ತೆ ಕೆದಕಿದ್ದೀಯ. ಅದನ್ನು ಓದಿ ನನಗೆ ಸಿಟ್ಟು ಬಂತು. ಮನೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಗೆ ನಾನು ಉತ್ತರ ಕೊಡುವುದಿಲ್ಲ ಎಂಬ ನಿಯಮ ನಿನ್ನ ಒಳ್ಳೆಯದಕ್ಕೇ ಇದ್ದದ್ದು. ಅಂದು ಮುಂಕೋಣೆಯಲ್ಲಿ ತರಗತಿ ನಡೆಯುತ್ತಿತ್ತು. ನೀನು ಬಾಗಿಲಲ್ಲಿ ನಿಂತು, ಮಗೂಗೆ ಮೈ ಕೆಂಡ ಆಗಿದೆ, ಕಣ್ಣು ಮೇಲೆ ಮಾಡ್ತಿದೆ, ಬೇಗ ಬನ್ನಿ ಎಂದು ಕೂಗಿದೆ. ಶಿಷ್ಯರ ಮುಂದೆ ನಿಯಮವನ್ನು ನಾನೇ ಮುರಿಯಲಾಗುತ್ತದೆಯೇ? ಇಂಗ್ಲಿಷಿನಲ್ಲಿ ಹೇಳು ಎಂದೆ. ನಿನಗೆ ಪದ ಸಿಗಲಿಲ್ಲ. ಮೊದಲ ಅಕ್ಷರ ‘ಎಫ್’ ಎಂದು ಸುಳಿವನ್ನೂ ಕೊಟ್ಟೆ, ಅದನ್ನು ಮಾತ್ರ ನೀನು ಯಾರಿಗೂ ಹೇಳುವುದಿಲ್ಲ. ಕೊನೆಗೆ ಹಿಂದಿನ ಬೆಂಚಿನವನೊಬ್ಬ ತಡೆಯಲಾರದೆ ‘ಫೀವರ್’ ಎಂದ. ತಕ್ಷಣ ಎದ್ದು ಬಂದೆನಲ್ಲ? ಇನ್ನೂ ಮುಂಚೆ ಕರ್ಕೊಂಡು ಬರಬಾರದಿತ್ತೇ ಎಂದು ಡಾಕ್ಟರು ಬೈದದ್ದು ನಿಜ, ಅವರು ಎಲ್ಲರಿಗೂ ಹಾಗೆಯೇ ಬೈಯುತ್ತಾರೆ. ಮಗಳಿಗೆ ಎಡಗಿವಿ ತುಸು ಮಂದವಾಯಿತು, ಅಷ್ಟೇ. ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಏನೂ ತೊಂದರೆಯಿಲ್ಲ. ಆದರೆ ನೀನು ಆ ಪದವನ್ನು ಮರೆತೆಯಾ ಹೇಳು? ಇಡೀ ಪತ್ರದಲ್ಲಿ ಬಂದ ಕಡೆಯೆಲ್ಲ ಸ್ಪೆಲ್ಲಿಂಗ್ ಸರಿಯಿರುವುದು ಅದೊಂದರದೇ. ಕಲಿಸುವುದು ಎಂದರೆ ಹಾಗೆ.

ಈಗ ಮುಖ್ಯ ವಿಷಯ. ಮಗಳನ್ನು ಕಳಿಸದಿದ್ದರೆ ಕೋರ್ಟಿಗೆ ಹೋಗುತ್ತೇನೆ ಎಂದು ಹೆದರಿಸಿದ್ದೀಯ. ಧಾರಾಳವಾಗಿ ಹೋಗು. ನ್ಯಾಯಾಧೀಶರು ಮಗುವನ್ನು ಒಳಗೆ ಕರೆದು, ಯಾರ ಹತ್ರ ಇರ್ತೀಯಮ್ಮಾ ಎಂದು ಕೇಳುತ್ತಾರಂತೆ, ಅವಳು ಹೇಳಿದ್ದೇ ಕೊನೆಯ ಮಾತಂತೆ. ವಕೀಲರು ವಿವರವಾಗಿ ತಿಳಿಸಿದ್ದಾರೆ. ಅವಳಿಗೆ ಉತ್ತರವನ್ನು ಆಗಲೇ ಕಲಿಸಿದ್ದೇನೆ. ಅಪ್ಪನ ಜೊತೆಗಿರಲು ಬಯಸುತ್ತೇನೆ, ಅಮ್ಮನ ನೆನಪು ನನಗೆ ಅಷ್ಟಾಗಿ ಇಲ್ಲ ಎಂದು ಎರಡು ವಾಕ್ಯ. ದಿನಾ ಬೆಳಿಗ್ಗೆ ಒಪ್ಪಿಸುತ್ತಾಳೆ. ಕಾಮಾ, ಪೂರ್ಣವಿರಾಮದ ಕಡೆ ನಿಲ್ಲಿಸುವುದನ್ನೂ ಕಲಿತಿದ್ದಾಳೆ. ಮೊದಮೊದಲು ಎರಡನೆಯ ವಾಕ್ಯದಲ್ಲಿ ತೊದಲುತ್ತಿದ್ದಳು. ತಪ್ಪಿಲ್ಲದೆ ಹೇಳುವ ತನಕ ತಿಂಡಿ ಇಲ್ಲ ಎಂದು ನನ್ನ ಅಕ್ಕ ಪಟ್ಟು ಹಿಡಿದ ಮೇಲೆ ಸರಿಹೋದಳು.

ಶಾಲೆಯ ಗೇಟಿನ ಹತ್ತಿರ ನೀನು ನಿಂತಿದ್ದೆ ಎಂದು ಕೇಳಿದೆ. ಕಾವಲುಗಾರನಿಗೆ ನಿನ್ನ ಫೋಟೊ ಕೊಟ್ಟಿದ್ದೇನೆ. ಇನ್ನು ಮೇಲೆ ಅಷ್ಟು ದೂರ ನಡೆದು ಬರುವ ಕಷ್ಟ ತೆಗೆದುಕೊಳ್ಳಬೇಡ. ಅವಳು ನಿನ್ನನ್ನು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಕಾಜ ಹೊಲಿಯುವವಳ ಒಂಟಿ ಕೋಣೆಯಲ್ಲಿ ಅವಳ ಇಂಗ್ಲಿಷ್ ಏನಾಗಬೇಕು, ನೀನೇ ಯೋಚಿಸು.

ಒಟ್ಟಿನಲ್ಲಿ ನಿನ್ನ ಪ್ರಯತ್ನ ಮೆಚ್ಚುವಂಥದ್ದೇ. ನೂರಕ್ಕೆ ಹದಿನೆಂಟು ಅಂಕ ಕೊಟ್ಟಿದ್ದೇನೆ. ಪತ್ರವನ್ನು ತಿದ್ದಿ ಇದರ ಜೊತೆ ಕಳಿಸುತ್ತಿದ್ದೇನೆ. ಕಣ್ಣಿನ ಬಗ್ಗೆ ಜಾಗ್ರತೆ, ಸೂಜಿ ಕೆಲಸ ಜಾಸ್ತಿ ಹೊತ್ತು ಮಾಡಬೇಡ.

ಇಂತಿ,
ವರ್ತಮಾನಕಾಲದಲ್ಲಿರುವ
ನಿನ್ನ ಗಂಡ

ಮತ್ತೊಂದು ಮಾತು: ತಿದ್ದಿದ್ದೆಲ್ಲ ನನ್ನ ಕೈಯೇ ಎಂದು ತಿಳಿಯಬೇಡ. ಮೂರನೆಯ ಹಾಳೆಯ ಕೆಂಪು ಶಾಯಿಯೆಲ್ಲ ಮಗಳದು. ನಿನ್ನ ಹೆಸರು ಕಾಣದಂತೆ ಮಡಿಚಿ, ಹೊಸದಾಗಿ ಸೇರಿದ ಯಾರೋ ಶಿಷ್ಯೆಯದು ಎಂದು ಹೇಳಿ ಅವಳಿಗೆ ಅಭ್ಯಾಸಕ್ಕೆ ಕೊಟ್ಟಿದ್ದೆ. ಒಂದು ಪ್ರಶ್ನೆಯನ್ನೂ ಕೇಳದೆ ಕೂತು ತಿದ್ದಿದಳು. ಅದರಲ್ಲಿ ‘ಐ ವಾಂಟ್ ಟು ಕಮ್ ಮೈ ಡಾಟರ್’ ಎಂಬ ನಿನ್ನ ವಾಕ್ಯವಿತ್ತಲ್ಲ, ಮಗಳು ಬರಬೇಕು ಎಂಬರ್ಥಕ್ಕೆ ಬರೆದದ್ದು, ಅದಂತೂ ಪೂರಾ ಅಡ್ಡಾದಿಡ್ಡಿ. ಅದನ್ನು ಸರಿಪಡಿಸಿ ಹತ್ತು ಸಲ ಬರೆ ಎಂದೆ. ಪದಗಳನ್ನು ಹಿಂದೆಮುಂದೆ ಮಾಡಿದ್ದರೆ ಸಾಕಿತ್ತು. ಅವಳು ‘ಮೈ ಡಾಟರ್’ ಎಂಬುದನ್ನೇ ಕಿತ್ತುಹಾಕಿ, ಬರೀ ‘ಐ ವಾಂಟ್ ಟು ಕಮ್’ ಎಂದು ಬೇರೊಂದು ಹಾಳೆಯ ಎರಡೂ ಬದಿ ತುಂಬಿಸಿದ್ದಾಳೆ. ನಾನು ಬರಬೇಕು ಎಂದರೆ ಯಾರು, ಎಲ್ಲಿಗೆ? ಅರ್ಥ ಅಪೂರ್ಣವಾಗಿದೆ ಎಂದು ಅಂಕ ಕಳೆದೆ. ತಿದ್ದಿ ಬರೆ ಎಂದು ಗದರಿದರೂ ಕೇಳಲಿಲ್ಲ. ಸರಿಯಾಗೇ ಇದೆ ಅಪ್ಪ, ಇದನ್ನೇ ಅವ್ರಿಗೆ ಕಳಿಸಿ ಎಂದಳು. ಕಳಿಸುತ್ತಿದ್ದೇನೆ.