ಶನಿಗ್ರಹದ ಹಲ್ಲಿಯ ಒಳಗಿದ್ದವನು

ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ
೧೬ ಜೂನ್ ೧೯೮೩

ಹಾರ್ಲನ್‌ಗೆ ವರ್ನಾಳ ವಂದನೆ.

‘ಪ್ರಿಯ’ ಎಂದು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡೆ. ನಮ್ಮ ಮದುವೆ ಮುರಿದು ಹತ್ತೊಂಬತ್ತು ವರ್ಷವಾಯಿತು. ಆಗಲೂ ನಿನ್ನ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ.

ನಿನ್ನ ಪತ್ರ ಸೋಮವಾರ ತಲುಪಿತು. ಮುಂದಿನ ತಿಂಗಳು ಸ್ಯಾನ್ ಡಿಯಾಗೋದಲ್ಲಿ ನಮ್ಮ ‘ಶನಿಗ್ರಹದ ಹಲ್ಲಿ’ಯನ್ನು ಮತ್ತೆ ತೋರಿಸುತ್ತಾರಂತೆ. ಹಲ್ಲಿಯ ವೇಷವನ್ನು ಹೊತ್ತು ತಂದು ನಾನು ವೇದಿಕೆಯ ಮೇಲೆ ನಿನ್ನ ಪಕ್ಕ ಕೂರಬೇಕಂತೆ. ‘ಜನ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಾರೆ ಕಣೇ, ಬಾ’ ಎಂದು ಬರೆದಿದ್ದೀಯ. ಕಳೆದ ಶನಿವಾರ ಮಧ್ಯಾಹ್ನ ಕಾಲೇಜಿನ ಸಭಾಂಗಣದಲ್ಲಿ ಅದನ್ನು ತೋರಿಸಿದಾಗ ಹದಿನಾಲ್ಕನೆಯ ಸಾಲಿನಲ್ಲಿ ನಾನೂ ಇದ್ದೆ, ಹಾರ್ಲನ್. ನೀನು ನೋಡಲಿಲ್ಲ. ನನ್ನ ಪಕ್ಕ ಓಪಲ್ ಇದ್ದಳು.

ಹಲ್ಲಿಯ ವೇಷದೊಳಗಿದ್ದ ಅವಳ ಗಂಡ ಲೈಲ್ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಅವಳು ಮನೆಯಿಂದ ಹೊರಗೆ ಬಂದದ್ದು ಅದೇ ಮೊದಲು. ಹೋಗುವ ಮುಂಚೆಯೇ ಹೇಳಿದ್ದೆ, ಇದು ‘ಅತಿ ಕೆಟ್ಟ ಸಿನಿಮಾಗಳ ಹಬ್ಬ’, ನಗುವುದಕ್ಕೆಂದೇ ಬರುತ್ತಾರೆ ಎಂದು. ‘ಕೆಟ್ಟದ್ದೋ ಒಳ್ಳೇದೋ ನಂಗ್ಯಾಕೆ? ನನ್ನ ಗಂಡ ನಡೆಯೋದನ್ನ ಇನ್ನೊಂದ್ಸಲ ನೋಡ್ಬೇಕು, ಅಷ್ಟೆ’ ಅಂದಳು. ನೀಲಿ ಗೌನು ಹಾಕಿಕೊಂಡು ಬಂದಿದ್ದಳು.

ಆ ಕಾಲೇಜು ಮಕ್ಕಳ ನಗುವಿನ ಬಗ್ಗೆ ನನಗೆ ದೂರಿಲ್ಲ. ರಟ್ಟಿನ ಬಾಲ ಕಟ್ಟಿಕೊಂಡು ಬಂದಿದ್ದರು. ಹಾರುವ ತಟ್ಟೆಯನ್ನು ಎಳೆಯುವ ದಾರ ಕಂಡಾಗ ‘ದಾರ! ದಾರ!’ ಎಂದು ಕೂಗಿದರು. ಹಲ್ಲಿಯ ಬೆನ್ನಿನ ಜಿಪ್ ಕಂಡಾಗ ಎದ್ದು ನಿಂತು ಸಲಾಮು ಹೊಡೆದರು. ಅವರಿಗೆ ಒಂದೊಂದು ಮಾತೂ ಬಾಯಿಪಾಠ. ಬೈಯುವುದಕ್ಕೆ ಯಾರೂ ಇಷ್ಟು ಕಷ್ಟಪಟ್ಟು ಕಲಿಯುವುದಿಲ್ಲ. ಹಿತ್ತಲಲ್ಲಿ ಒಣಗಲು ಹಾಕಿದ ಪುಟ್ಟ ಫ್ರಾಕನ್ನು ಹಲ್ಲಿ ಮೂರು ಬೆರಳಲ್ಲಿ ಮುಟ್ಟಿ ನೋಡುತ್ತದಲ್ಲ, ಅಲ್ಲಿ ಇಡೀ ಸಭಾಂಗಣ ತೆಪ್ಪಗಾಯಿತು. ಓಪಲ್ ನನ್ನ ಕೈ ಹಿಡಿದುಕೊಂಡಳು.

ಆ ಫ್ರಾಕಿನ ಯೋಚನೆ ಲೈಲ್‌ನದು. ಚಿತ್ರಕಥೆಯಲ್ಲಿ ಹಲ್ಲಿ ಆ ಬಟ್ಟೆಯ ಹಗ್ಗ ಹರಿದುಕೊಂಡು ಓಡಬೇಕಿತ್ತು. ಅವನೇ ಬಂದು, ‘ಇದೂ ಎಲ್ಲೋ ಮಕ್ಕಳನ್ನ ಬಿಟ್ಟು ಬಂದಿರುತ್ತೆ ಅಲ್ವಾ’ ಅಂದ. ನೀನು ಕ್ಯಾಮೆರಾದ ಹಿಂದೆ ನಿಂತು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಗ್ಯಾರೇಜಿನಲ್ಲಿ ನಾನು ವೇಷಕ್ಕೆಂದು ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ, ಬಚ್ಚಲಿನ ರಬ್ಬರ್ ಚಾಪೆಯಿಂದ ಪೊರೆ ಮಾಡಿ, ಅಂಟಿನ ವಾಸನೆಗೆ ತಲೆ ಸುತ್ತಿ ಕೂತಿದ್ದಾಗ ನೀನು ಹೇಳಿದ್ದೆ: ‘ವರ್ನಾ, ಜನ ಇದನ್ನ ನೋಡಿ ಹೆದರ್ತಾರೆ, ಆಮೇಲೆ ಇದಕ್ಕೋಸ್ಕರ ಅಳ್ತಾರೆ.’ ನಾನು ನಂಬಿದೆ. ಲೈಲ್ ಕೂಡ ನಂಬಿದ.

ಸಿನಿಮಾ ಮುಗಿದ ಮೇಲೆ ನೀನು ಬೆಳ್ಳಿ ಬಣ್ಣದ ಕೋಟು ತೊಟ್ಟು ವೇದಿಕೆಗೆ ಬಂದೆ. ‘ಇದೆಲ್ಲ ಬೇಕಂತ್ಲೇ ಮಾಡಿದ್ದು. ನಾವೇ ಬಿದ್ದೂ ಬಿದ್ದೂ ನಗ್ತಿದ್ವಿ’ ಅಂದೆ. ಯಾರು ನಕ್ಕರು, ಹಾರ್ಲನ್? ಆರು ದಿನದ ಚಿತ್ರೀಕರಣದಲ್ಲಿ ಒಬ್ಬರೂ ನಗಲಿಲ್ಲ. ಜಿಪ್ಪಿನ ವಿಷಯ ಬಂದಾಗ, ‘ನನ್ನ ಹೆಂಡ್ತಿಗೆ ಸೂಜಿಗೆ ದಾರ ಪೋಣಿಸೋಕೂ ಬರ್ತಿರ್ಲಿಲ್ಲ’ ಅಂದೆ. ಅದನ್ನು ನಾನು ನುಂಗಿಕೊಂಡೆ. ಆಮೇಲೆ ಕನ್ನಡಕ ಹಾಕಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು, ಹಲ್ಲಿ ಯಾಕೆ ಸಾರ್ ಹಾಗೆ ತೂರಾಡುತ್ತೆ ಅಂತ.

‘ಒಳಗಿದ್ದವ್ನು ಬೆಳಗ್ಗೆ ತಿಂಡಿಗೇ ಏರಿಸ್ಕೊಂಡು ಬರ್ತಿದ್ದ ಕಣಮ್ಮ. ಕ್ಯಾಮೆರಾ ಯಾವ ಕಡೆ ಇದೆ ಅಂತ ತೋರ್ಸೋಕೇ ಒಬ್ಬ ಆಳು ಬೇಕಾಗಿತ್ತು’ ಅಂದೆ ನೀನು. ಬಾಟಲಿ ಎತ್ತಿ ಕುಡಿಯುವ ಹಲ್ಲಿಯ ಹಾಗೆ ನಟಿಸಿ ನಾಲ್ಕು ಹೆಜ್ಜೆ ತೂರಾಡಿಯೂ ತೋರಿಸಿದೆ. ಚಾವಣಿ ಹಾರಿಹೋಗುವ ಹಾಗೆ ನಗು ಬಂತು.

ಲೈಲ್‌ನ ಸೊಂಟದಲ್ಲಿ ಯುದ್ಧದ ಗುಂಡಿನ ಚೂರು ಇತ್ತೆಂದು ನಿನಗೆ ಗೊತ್ತು. ಕುಡಿದು ಕುಡಿದೇ ಸತ್ತ ಅಪ್ಪನನ್ನು ನೋಡಿ ಬೆಳೆದ ಅವನು ಬಿಯರನ್ನೂ ಮುಟ್ಟುತ್ತಿರಲಿಲ್ಲವೆಂದೂ ಗೊತ್ತು. ನಾವು ಚಿತ್ರೀಕರಿಸಿದ ಕಲ್ಲುಗಣಿಯ ಆ ಬಿಸಿಲಲ್ಲಿ, ಆ ರಬ್ಬರಿನೊಳಗೆ, ಉಪ್ಪಿನ ಮಾತ್ರೆ ನುಂಗಿ ನಳಿಗೆಯಲ್ಲಿ ನೀರು ಹೀರುತ್ತಿದ್ದ. ಐದನೆಯ ದಿನ ಪ್ರಜ್ಞೆ ತಪ್ಪಿ ಬಿದ್ದ. ಎಚ್ಚರವಾದಾಗ ಅವನು ಕೇಳಿದ ಮೊದಲ ಮಾತು, ‘ಶಾಟ್ ಸಿಕ್ತಾ?’ ಸಿಕ್ಕಿತ್ತು. ಅದನ್ನೇ ನೀನು ಸಿನಿಮಾದಲ್ಲಿ ಇಟ್ಟುಕೊಂಡೆ. ಹಲ್ಲಿ ಸಾಯುವ ದೃಶ್ಯ ಅದೇ.

ವಾಪಸು ಬರುವಾಗ ಕಾರಿನಲ್ಲಿ ಓಪಲ್ ಕೇಳಿದಳು: ‘ವರ್ನಾ, ಶೂಟಿಂಗಿನ ಆ ಆರು ದಿನ ಅವರು ಮನೆಗೆ ಬಂದಿರ್ಲಿಲ್ಲ. ನಿಜ ಹೇಳು, ಕುಡೀತಿದ್ರಾ?’

ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳು. ನಾನು ಇದ್ದದ್ದನ್ನೆಲ್ಲ ಹೇಳಿದೆ. ‘ಸರಿ ಬಿಡು’ ಅಂದಳು, ಕಿಟಕಿಯ ಹೊರಗೆ ನೋಡಿಕೊಂಡೇ. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ.

ಚಪ್ಪಾಳೆ ಬೇಕಿದ್ದರೆ ನಿನ್ನನ್ನೇ ನೀನು ಹಾಸ್ಯ ಮಾಡಿಕೊಳ್ಳಬಹುದಿತ್ತು, ನನ್ನನ್ನು ಇನ್ನಷ್ಟು ಮಾಡಬಹುದಿತ್ತು. ತಿರುಗಿ ಮಾತಾಡಲಾರದವನನ್ನು ಆರಿಸಿಕೊಂಡೆ. ಸೋತ ಸಿನಿಮಾ ಮಾಡಿದವನು ಎಂದು ಜಗತ್ತು ನಿನ್ನನ್ನು ಕರೆದಾಗಲೂ, ಅದನ್ನು ಮನಸಿಟ್ಟು ಮಾಡಿದವನು ಎಂದು ನಿನ್ನ ಪರ ನಾನು ಎಷ್ಟು ಜನರೊಂದಿಗೆ ವಾದಿಸಿಲ್ಲ? ಈಗ ನೀನೇ ಬಂದು ಅದು ಸುಳ್ಳು ಎಂದೆ.

ವೇಷ ಕೊಡುವುದಿಲ್ಲ. ರಬ್ಬರು ಒಡೆದಿದೆ, ಆದರೂ ಕೊಡುವುದಿಲ್ಲ. ಸ್ಯಾನ್ ಡಿಯಾಗೋಗೂ ಬರುವುದಿಲ್ಲ. ನೀನು ಓಪಲ್‌ಗೆ ಪತ್ರ ಬರೆಯಬೇಕು. ಸುಳ್ಳು ಹೇಳಿದೆ ಎಂದು ನಿನ್ನ ಕೈಬರಹದಲ್ಲೇ ಬರೆಯಬೇಕು. ಅವಳ ವಿಳಾಸ ಲಕೋಟೆಯ ಹಿಂದೆ ಇದೆ.

ಒಮ್ಮೆ ನಿನ್ನನ್ನು ನಂಬಿದ್ದ,
ವರ್ನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹಿಂಜರಿದದ್ದು. ನೀನು ತೂರಾಡಿ ತೋರಿಸಿದಾಗ ಓಪಲ್ ನಿನ್ನ ಮಾತನ್ನು ನಂಬಿರಲಿಲ್ಲ. ‘ಏನಂತಾನೆ ಇವನು?’ ಎಂದು ನನ್ನ ಕಡೆ ತಿರುಗಿದಳು. ನಾನು ನಗುತ್ತಿದ್ದೆ. ನೀನು ಹಾಗೆ ಹೆಜ್ಜೆ ಹಾಕಿದರೆ ನನಗೆ ಮೊದಲಿನಿಂದಲೂ ನಗು ತಡೆಯಲಾಗುವುದಿಲ್ಲ. ಅವಳು ನಂಬಿದ್ದು ಆಗ. ನನ್ನ ಕೈ ಬಿಟ್ಟಿದ್ದೂ ಆಗಲೇ.